ಕ್ಷಮೆಯೋ, ಕೆಲಸವೋ?

ಅಮೆರಿಕದವರ ಫುಟ್‌ಬಾಲ್ ನನಗೆ ತಲೆಬುಡ ತಿಳಿಯದು. ಆದರೂ ಮೈಕಲ್ ವಿಕ್‌ನ ಸಂಗತಿ ಮನಸ್ಸನ್ನು ಬಿಡುತ್ತಿಲ್ಲ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಆಗಿದ್ದ ಆತ; ಓಟವೆಂದರೆ ಜಿಂಕೆಯದೇ. ನಾಯಿಗಳ ಕಾದಾಟದ ಜೂಜು ನಡೆಸಿದ, ಸರಿಯಾಗಿ ಕಾದದವನ್ನು ಕೊಲ್ಲುವುದಕ್ಕೂ ಕೈಜೋಡಿಸಿದ. 2007ರಲ್ಲಿ 23 ತಿಂಗಳ ಶಿಕ್ಷೆಯಾಯಿತು.

2009ರಲ್ಲಿ ಅವನನ್ನು ಸೇರಿಸಿಕೊಂಡದ್ದು ಫಿಲಡೆಲ್ಫಿಯಾ ಈಗಲ್ಸ್ ತಂಡ. ಪ್ರಾಣಿಪ್ರಿಯರು ಸಿಡಿದೆದ್ದರು. ಕೋಚ್ ಆಂಡಿ ರೀಡ್ ಮಾತ್ರ ಅವನ ಬೆನ್ನಿಗೆ ನಿಂತರು. ಅವರ ಗಂಡುಮಕ್ಕಳಲ್ಲಿ ಇಬ್ಬರು 2007ರಲ್ಲೇ ಮಾದಕವಸ್ತುಗಳ ದೆಸೆಯಿಂದ ಜೈಲು ಸೇರಿದ್ದರು. ಜೈಲಿನ ಬಾಗಿಲಲ್ಲಿ ಕಾದ ಹೆತ್ತವರ ಕಣ್ಣೇ ಬೇರೆ ಇರಬೇಕು.

ನಾಯಿಗಳ ಪರವಾಗಿ ಕ್ಷಮಿಸಲು ರೀಡ್ ಯಾರು ಎಂದು ನಾನೂ ಸಿಟ್ಟಾಗಿದ್ದೆ. ಆಮೇಲೆ ಅನಿಸಿತು: ಅವರು ಕೊಟ್ಟದ್ದು ಕ್ಷಮೆಯಲ್ಲ, ಕೆಲಸ. ಕ್ಷಮಿಸುವ ಅಧಿಕಾರ ಸತ್ತ ನಾಯಿಗಳೊಂದಿಗೇ ಹೋಯಿತು. ಶಿಕ್ಷೆ ಮುಗಿಸಿದವನಿಗೆ ಅನ್ನದ ದಾರಿ ತೋರಲು ಆ ಅಧಿಕಾರ ಬೇಕಿಲ್ಲವಲ್ಲ.

2010ರಲ್ಲಿ ಅವನು ಮತ್ತೆ ಮಿಂಚಿದ, ಪ್ರಶಸ್ತಿಯೂ ಬಂತು. ಓಡಲು ಬಾರದವನಾಗಿದ್ದರೆ ಯಾರು ಕರೆಯುತ್ತಿದ್ದರು?

ಕಳ್ಳತನಕ್ಕೆ ಜೈಲಿಗೆ ಹೋಗಿ ಬಂದ ನಮ್ಮ ಕೆಲಸದವಳ ಮಗ ಒಮ್ಮೆ, “ಅಮ್ಮಾ, ತೋಟದ ಕೆಲಸವಾದರೂ ಕೊಡಿ” ಎಂದಿದ್ದ. “ನೋಡೋಣಪ್ಪ” ಎಂದೆ. ಅವನಿಗೆ ಅರ್ಥವಾಯಿತು. ಗೇಟನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.