ನಮ್ಮ ಹೊಲದ ಉಪ್ಪು ಯಾರ ನೀರಿಗೆ?

ಯೆಜೆಕಿಯೇಲನ ಗ್ರಂಥದ 34ನೇ ಅಧ್ಯಾಯ ಎಂದೊಡನೆ ನಮಗೆ ಕುರಿಗಾಹಿಯ ನೆನಪಾಗುತ್ತದೆ. ಅದರ 18ನೇ ವಚನವನ್ನು ಮಾತ್ರ ನಾವು ದಾಟಿಕೊಂಡು ಹೋಗುತ್ತೇವೆ. ಅಲ್ಲಿ ದೇವರು ಗದರಿಸುವುದು ಕುರಿಗಳನ್ನೇ. ತಾವು ತಿಳಿನೀರು ಕುಡಿದು, ಉಳಿದದ್ದನ್ನು ಕಾಲಿನಿಂದ ಕದಡಿ ಹಿಂದಿನವರಿಗೆ ಬಿಟ್ಟವು ಎಂಬುದು ಅವುಗಳ ಮೇಲಿನ ದೂರು. ಕೃಷ್ಣೆಯ ದಡದಲ್ಲಿರುವ ನಮಗೆ ಈ ಮಾತು ಸ್ವಲ್ಪ ಹತ್ತಿರದ್ದು.

ಮಿರಜ ತಾಲೂಕಿನ ಹೊಳೆದಂಡೆಯ ಎರೆಹೊಲಗಳಲ್ಲಿ ಬೇಸಿಗೆಗೆ ಬಿಳಿ ಪದರು ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಮರಾಠಿಯವರು ಅದನ್ನು ಕ್ಷಾರಪಡ, ಚೋಪಣ ಎನ್ನುತ್ತಾರೆ, ನಾವು ಸವಳು-ಜವಳು ಎನ್ನುತ್ತೇವೆ. 1960ರ ದಶಕದಲ್ಲಿ ಕೊಯ್ನಾ ಅಣೆಕಟ್ಟು ಬಂದ ಮೇಲೆ ಬೇಸಿಗೆಯಲ್ಲೂ ಹೊಳೆಗೆ ನೀರು ಬಂತು. ನೀರೆತ್ತುವ ಪಂಪು ಬಂತು, ಕಬ್ಬು ಬಂತು. ಕುಡಿಯುವ ನೀರಿನಲ್ಲಿ ಕರಗಿದ ಲವಣಕ್ಕೆ ಒಪ್ಪಿದ ಮಿತಿ ಲೀಟರಿಗೆ 500 ಮಿಲಿಗ್ರಾಂ. ಅಂಥ ನೀರನ್ನೇ ಒಂದು ಹೆಕ್ಟೇರಿಗೆ ಒಂದು ಮೀಟರ್ ಎತ್ತರದಷ್ಟು ಹಾಯಿಸಿದರೆ 1 ಕೋಟಿ ಲೀಟರ್ ಆಗುತ್ತದೆ, ಅದರಲ್ಲಿ 5 ಟನ್ ಲವಣ ಇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಹೊಲದಲ್ಲೇ ಉಳಿಯುತ್ತದೆ. ಕೆಳಗಿನ ಜಲಮಟ್ಟ ಏರಿ ಹಳೆಯ ಉಪ್ಪನ್ನೂ ಬೇರಿನವರೆಗೆ ತರುತ್ತದೆ. ಸೋಡಿಯಂ ಹೆಚ್ಚಾದ ಎರೆಮಣ್ಣು ಬಿಗಿದುಕೊಂಡು ಮಳೆಯನ್ನು ಇಂಗಿಸಿಕೊಳ್ಳುವುದಿಲ್ಲ. ಮಳೆನೀರು ಮೇಲೆಯೇ ಓಡಿ, ಮಣ್ಣು ಗೊಬ್ಬರ ಎರಡನ್ನೂ ಹೊಳೆಗೆ ಒಯ್ಯುತ್ತದೆ.

ಇದಕ್ಕೆ ಮದ್ದಿದೆ. ಹೊಲದ ಕೆಳಗೆ ತೂತಿನ ಕೊಳವೆ ಹೂಳಿ, ಉಪ್ಪುನೀರನ್ನು ಬಸಿದು ಹಳ್ಳಕ್ಕೆ ಬಿಡುವುದು. ಸತ್ತ ಹೊಲ ಮತ್ತೆ ಬೆಳೆಯುತ್ತದೆ. ನಾವು ಯುವಕರು ಇದನ್ನು ಬಹಳ ಮೆಚ್ಚಿದ್ದೆವು, ಹಳ್ಳ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರೆಗೆ. ಹಳ್ಳ ಕೃಷ್ಣೆಗೆ ಹೋಗುತ್ತದೆ. ಕೃಷ್ಣೆ ನರಸೋಬವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಗೆ ಇಳಿಯುತ್ತಾಳೆ. ಅಲ್ಲಿ ಕುಡಿಯುವವರು ನಮ್ಮ ಭಾಷೆಯವರೇ. ನಮ್ಮ ಉಪ್ಪು, ನಮ್ಮ ಯೂರಿಯಾದ ನೈಟ್ರೇಟ್ ಅವರ ಕಡೆಗೆ ಹೋಗುತ್ತವೆ. ಊರಿನ ಗಟಾರದ ಹೊಲಸು ಮೂಗಿಗೆ ಬಡಿಯುತ್ತದೆ, ಬೈಯುವುದು ಸುಲಭ. ಇದು ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು.

ಹಾಗಾದರೆ ಪಾಪ ಯಾರದು? ಕರೆಂಟು ರಾತ್ರಿ ಬರುತ್ತದೆ, ರೈತ ಪಂಪು ಹಚ್ಚಿ ಮಲಗುತ್ತಾನೆ. ಕಬ್ಬಿಗೆ ಗೊತ್ತಾದ ದರವಿದೆ, ಜೋಳಕ್ಕೆ ಆ ಭರವಸೆ ಇಲ್ಲ. ಯಾರಿಗೂ ಕೇಡು ಮಾಡುವ ಮನಸ್ಸಿಲ್ಲ. ಪೂರ್ಣ ಅರಿವು, ಪೂರ್ಣ ಸಮ್ಮತಿ ಇಲ್ಲದೆ ಮಾರಕ ಪಾಪವಿಲ್ಲ ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ನಮ್ಮ ಅಜ್ಜಂದಿರಿಗೆ ಆ ಅರಿವಿರಲಿಲ್ಲ, ಅವರನ್ನು ದೂರುವುದು ಸಲ್ಲದು. ನಮಗೆ ಇದೆ. ಗೊತ್ತಾದ ದಿನದಿಂದ ಅದು ನಮ್ಮ ಹೊಣೆ, ತಪ್ಪು ಎಲ್ಲರದ್ದೂ ಆಗಿದ್ದರೂ ಸರಿಯೇ. ಪಾಪನಿವೇದನೆಯಲ್ಲಿ ಮಾಡದೆ ಬಿಟ್ಟದ್ದನ್ನೂ ನಾವು ಹೇಳುತ್ತೇವಲ್ಲ! 2015ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ‘ಲೌದಾತೊ ಸಿ’ ವಿಶ್ವಪತ್ರವೂ ಬಡವರ ನೀರನ್ನು ಇದೇ ಹೊಣೆಗೆ ಸೇರಿಸುತ್ತದೆ.

ಹೊಲ ಉಳಿಸಿಕೊಳ್ಳುವುದು ತಪ್ಪಲ್ಲ. ಆದರೆ ಮೊದಲಿನಷ್ಟೇ ನೀರು ಹಾಯಿಸುತ್ತ ಕೆಳಗಿನಿಂದ ಬಸಿಯುವುದೆಂದರೆ ನಮ್ಮ ಭಾರವನ್ನು ನೆರೆಯವನ ಹೆಗಲಿಗೆ ಹಾಕಿದಂತೆ ಎಂದು ನಮಗೆ ಅನಿಸುತ್ತದೆ. ಮೊದಲು ನೀರು ಕಡಿಮೆಯಾಗಬೇಕು, ಹನಿ ನೀರಾವರಿ ಬರಬೇಕು, ಗೊಬ್ಬರ ಲೆಕ್ಕದಲ್ಲಿರಬೇಕು. ಕೊಳವೆ ಆಮೇಲೆ. ನಮ್ಮ ಧರ್ಮಕೇಂದ್ರದಲ್ಲಿ ಹೊಲವಿಲ್ಲದವರೇ ಹೆಚ್ಚು, ಹೊಲವಿಲ್ಲದವರು ರೈತನಿಗೆ ಬುದ್ಧಿ ಹೇಳುವುದು ಬಲು ಸಲೀಸು, ಅದೂ ಗೊತ್ತು. ಚಹಾಕ್ಕೆ ಆ ಕಬ್ಬಿನ ಸಕ್ಕರೆ ಹಾಕಿಕೊಳ್ಳುವವರು ನಾವೇ.

ಹೊಲವಿರುವ ಮನೆಯವರು ಮುಂದಿನ ಭಾನುವಾರ ಬಲಿಪೂಜೆಗೆ ಬರುವಾಗ ಅರ್ಧ ಕಿಲೋ ಮಣ್ಣನ್ನು ಚೀಲದಲ್ಲಿ ಕಟ್ಟಿ, ಹೆಸರು ಬರೆದು ತನ್ನಿ. ಪರೀಕ್ಷೆಗೆ ನಾವು ಒಯ್ಯುತ್ತೇವೆ.