ಕಿರುಬೆರಳಿನ ಸಾಕ್ಷಿ

ರಾತ್ರಿ ಎರಡೂವರೆಗೆ ಅಕ್ಕ ಎದ್ದು ಕೂತು ಬಲಗೈ ಕೊಡವುತ್ತಾಳೆ, ಥರ್ಮಾಮೀಟರಿನ ಪಾದರಸ ಇಳಿಸುವವರ ಹಾಗೆ. ಜೋಮು ಬಿಟ್ಟ ಮೇಲೆ ಮತ್ತೆ ಮಲಗುತ್ತಾಳೆ. ಬೆಳಿಗ್ಗೆ ರಂಗೋಲಿ ಹಾಕುವಾಗ ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಎಷ್ಟಿದೆ ಎಂಬುದೇ ತಿಳಿಯುವುದಿಲ್ಲ. ಎಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯ. ಕೇಳಿದರೆ, "52 ಆಯ್ತಲ್ಲೇ, ಇನ್ನೇನಾಗುತ್ತೆ?" ಎನ್ನುತ್ತಾಳೆ.

ವೈದ್ಯೆ ಕೇಳಿದ್ದು ಬೇರೆಯದನ್ನು: "ಕಿರುಬೆರಳೂ ಜೋಮು ಹಿಡಿಯುತ್ತಾ?" ಅಕ್ಕ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಳು. "ಇಲ್ಲ. ಅದೊಂದು ಚೆನ್ನಾಗಿದೆ."

ಆ ಒಂದು ಉತ್ತರದಲ್ಲಿ ನೋವಿನ ವಿಳಾಸವಿತ್ತು. ಮಣಿಕಟ್ಟಿನ ಸಣ್ಣ ಮೂಳೆಗಳ ಮೇಲೆ ಗಟ್ಟಿಯಾದೊಂದು ಅಡ್ಡಪಟ್ಟಿ ಹಾದಿದೆ. ನಡುವಿನ ಇಕ್ಕಟ್ಟಿನ ಸುರಂಗವೇ ಕಾರ್ಪಲ್ ಟನಲ್. ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ನರವೂ ಅದರೊಳಗೇ ಸಾಗಬೇಕು. ಒಳಗೆ ಊತ ಬಂದರೆ ನರ ಅಮುಕಿಹೋಗುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಿಸಿಕೊಂಡರೆ ಇನ್ನಷ್ಟು. ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಆ ನರದ ಸೀಮೆ. ಕಿರುಬೆರಳಿನ ನರ ಸುರಂಗದ ಹೊರಗಿನಿಂದ ಬರುತ್ತದೆ.

ಬೋಸ್ಟನ್ನಿನ ವೈದ್ಯ ಜೇಮ್ಸ್ ಜಾಕ್ಸನ್ ಪುಟ್ನಮ್ 1880ರಲ್ಲೇ ರಾತ್ರಿ ಕೈ ಮರಗಟ್ಟುವವರ ಬಗ್ಗೆ ಬರೆದಿದ್ದ; ಅವರಲ್ಲಿ ಹೆಚ್ಚಿನವರು ಹೆಂಗಸರು. 1950ರ ದಶಕದಲ್ಲಿ ಕ್ಲೀವ್‌ಲ್ಯಾಂಡಿನ ಜಾರ್ಜ್ ಫೇಲನ್ ಕಂಡದ್ದೂ ಅದನ್ನೇ: ಬಂದವರಲ್ಲಿ ಬಹುಪಾಲು ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನ ಹೆಂಗಸರು. ಈಚೆಗೆ ಸಂಶೋಧಕರು ಆ ಅಡ್ಡಪಟ್ಟಿಯಲ್ಲೂ ರಜ್ಜುಗಳನ್ನು ಸುತ್ತಿದ ಪೊರೆಯಲ್ಲೂ ಈಸ್ಟ್ರೋಜನ್ ಗ್ರಾಹಕಗಳನ್ನು ಗುರುತಿಸಿದ್ದಾರೆ. ಹಾರ್ಮೋನೊಂದೇ ಕಾರಣವಲ್ಲ, ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆಯೂ ಹೀಗೆ ಮಾಡುತ್ತವೆ. ಆದರೂ ಬಸುರಿನಲ್ಲಿ ಹಾರ್ಮೋನು ಏರಿದಾಗಲೂ ಹಲವರ ಕೈ ಜೋಮು ಹಿಡಿಯುತ್ತದೆ, ಮುಟ್ಟು ನಿಂತು ಅದು ಇಳಿದಾಗಲೂ ಹಿಡಿಯುತ್ತದೆ ಎಂಬುದು ಯೋಚಿಸುವಂಥದ್ದು.

"ನಿಂತಿತು" ಎನ್ನುತ್ತೇವೆ, ಮಳೆ ನಿಂತ ಹಾಗೆ. ಮಳೆ ನಿಂತರೂ ಸೂರು ತೊಟ್ಟಿಕ್ಕುತ್ತಿರುತ್ತದೆ. ಹೆಣ್ಣಿನ ಹೆಣ್ಣುತನವನ್ನೆಲ್ಲ ಗರ್ಭಕೋಶದಲ್ಲಿಟ್ಟು ಲೆಕ್ಕ ಹಾಕಿದವರು ನಾವು. ಅದರ ಕೆಲಸ ಮುಗಿದರೆ ಲೆಕ್ಕವೂ ಮುಗಿಯಿತು, ಆಮೇಲಿನದೆಲ್ಲ ಬರೀ ವಯಸ್ಸು. ಮೈ ಹಾಗೆ ಲೆಕ್ಕ ಇಟ್ಟಿರಲಿಲ್ಲ. ಮಗು ಹೆರುವುದಕ್ಕೆ ಬಂದದ್ದೆಂದು ನಾವು ತಿಳಿದ ಹಾರ್ಮೋನು, ರಂಗೋಲಿ ಎಳೆಯುವ, ಅನ್ನ ಕಲಸುವ ಕೈಯ ಒಳಗೂ ಬಂದುಹೋಗುತ್ತಿತ್ತು.

"ವಯಸ್ಸಾಯ್ತು" ಎಂಬ ಮಾತು ಸುಳ್ಳಲ್ಲ. ಆದರೆ ಅದು ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ. ವರ್ಷಗಟ್ಟಲೆ ಯಾರೂ ಕೇಳದೆ ಹೋದರೆ ಹೆಬ್ಬೆರಳ ಬುಡದ ದಿಂಬು ಸವೆದು ತಗ್ಗು ಬೀಳುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಹೋದ ಬಲವೆಲ್ಲ ಮರಳುವುದು ಕಷ್ಟ. ಹೊತ್ತಿಗೆ ಕೇಳಿದರೆ ಎಷ್ಟೋ ಸಲ ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯೊಂದು ಸಾಕಾಗುತ್ತದೆ.

ಅಕ್ಕ ಈಗ ಪಟ್ಟಿ ಕಟ್ಟಿಕೊಂಡೇ ಮಲಗುತ್ತಾಳೆ. ಮೊನ್ನೆ ಬಾಗಿಲಿಗೆ ಬಂದ ಹೂವಿನಾಕೆ ಮೊಳ ಹಾಕುತ್ತಾ ನಡುವೆ ನಿಲ್ಲಿಸಿ ಕೈ ಕೊಡವಿದಳು. "ವಯಸ್ಸಾಯ್ತು ಕಣಮ್ಮ" ಎಂದು ನಕ್ಕಳು. ಅಕ್ಕ ನಗಲಿಲ್ಲ. ಅವಳ ಕೈ ಹಿಡಿದುಕೊಂಡು ಕೇಳಿದಳು: "ಕಿರುಬೆರಳೂ ಜೋಮು ಹಿಡಿಯುತ್ತಾ?"