ಎರಡನೆಯ ಅಳತೆ

ಮಳೆಗಾಲದ ಹೊಸ್ತಿಲಲ್ಲಿ ಸಾಗುವಾನಿ ಚಿಗುರಿದಾಗ ಹುಳುವೊಂದು ಬರುತ್ತದೆ. ಎಲೆಯ ದಪ್ಪ ನರಗಳನ್ನು ಬಿಟ್ಟು ಉಳಿದುದನ್ನೆಲ್ಲ ತಿಂದು, ಕೆಲವೇ ದಿನಗಳಲ್ಲಿ ತೋಪಿಗೆ ತೋಪನ್ನೇ ಬೋಳು ಮಾಡುತ್ತದೆ. ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಹಾಗಾಗಿ ನಷ್ಟವೇನೂ ಆಗಿಲ್ಲ ಎಂದೇ ನೋಡುವವರಿಗೆ ಅನ್ನಿಸುತ್ತದೆ. ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೋಪೊಂದರಲ್ಲಿ ಕೆಲವು ಮರಗಳನ್ನು ಹುಳುವಿನಿಂದ ಕಾಪಾಡಿ, ಕೆಲವನ್ನು ಹಾಗೇ ಬಿಟ್ಟು, ವರ್ಷಗಟ್ಟಲೆ ಅಳೆದರು. 1985ರಲ್ಲಿ ಬಂದ ಅವರ ವರದಿಯ ಪ್ರಕಾರ, ಹುಳು ತಿಂದ ಮರಗಳಲ್ಲಿ ಆಗಬಹುದಾಗಿದ್ದ ಬೆಳವಣಿಗೆಯಲ್ಲಿ ಶೇ 44ರಷ್ಟು ಆಗಲೇ ಇಲ್ಲ.

ಕಣ್ಣಿಗೆ ಕಾಣದ ಈ ನಷ್ಟವನ್ನು ತೋರಿಸಿಕೊಟ್ಟದ್ದು ಅಳತೆ. ಆದರೆ ಟೇಪು ಹಿಡಿಯುವುದು ಮನುಷ್ಯರ ಕೈ. ನಮ್ಮಲ್ಲಿ ಮರದ ಸುತ್ತಳತೆಯನ್ನು ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ತೆಗೆಯುತ್ತಾರೆ. ಕಾಂಡದ ಆಚೆ ಬದಿಯಲ್ಲಿ ಟೇಪು ತುಸು ಜಾರಿದರೂ, ಬಳ್ಳಿಯೊಂದು ಒಳಗೆ ಸಿಕ್ಕಿಕೊಂಡರೂ ಮರ ಸುಮ್ಮನೆ ದಪ್ಪವಾಗಿಬಿಡುತ್ತದೆ. ಎಷ್ಟು ಎಲೆ ಹೋಗಿದೆ ಎಂಬುದನ್ನಂತೂ ಕೆಳಗೆ ನಿಂತು ಕಣ್ಣಂದಾಜಿನಿಂದಲೇ ಬರೆಯಬೇಕು. ಒಬ್ಬರಿಗೆ ಅರ್ಧ ಎನಿಸಿದ್ದು ಇನ್ನೊಬ್ಬರಿಗೆ ಮುಕ್ಕಾಲು.

ಇದಕ್ಕೆ ಬಲ್ಲವರು ಕಂಡುಕೊಂಡ ಉಪಾಯ ಸರಳ. ಅಳೆದ ಮರಗಳಲ್ಲಿ ಕೆಲವನ್ನು ಚೀಟಿ ಎತ್ತಿದಂತೆ ಆರಿಸಿ, ಬೇರೊಬ್ಬರಿಂದ ಮತ್ತೆ ಅಳೆಸುವುದು. ಕಟ್ಟಳೆ ಒಂದೇ: ಮೊದಲಿನವರು ಬರೆದ ಅಂಕಿಯನ್ನು ಎರಡನೆಯವರು ನೋಡಬಾರದು. ನೋಡಿದರೆ ಕಣ್ಣು ತನಗರಿವಿಲ್ಲದೆ ಅತ್ತಲೇ ವಾಲುತ್ತದೆ. ನೋಡದೆ ಅಳೆದರೆ ಎರಡೂ ಅಳತೆಗಳ ನಡುವಿನ ಅಂತರ ಬಯಲಾಗುತ್ತದೆ, ತಿದ್ದಿಕೊಳ್ಳಲು ದಾರಿಯಾಗುತ್ತದೆ. ಮಾತಾಡಲಾರದ ಮರದ ಪರವಾಗಿ ಇಬ್ಬರು ಸ್ವತಂತ್ರವಾಗಿ ಸಾಕ್ಷಿ ನುಡಿದಂತೆ.

ಮನೆಯಲ್ಲಿ ನಾವೂ ದಿನಾ ಅಳೆಯುತ್ತಿರುತ್ತೇವೆ: ಮಗನ ಸೋಮಾರಿತನ, ಸೊಸೆಯ ಸಿಡುಕು, ಪಕ್ಕದ ಮನೆಯವರ ಬಿಗುಮಾನ. ಅನುಮಾನ ಬಂದಾಗ ಇನ್ನೊಬ್ಬರನ್ನು ಕೇಳುವುದೂ ಉಂಟು. ಆದರೆ ಕೇಳುವುದು ಹೇಗೆ? 'ಎಷ್ಟು ಸೋಮಾರಿ ಆಗಿದ್ದಾನೆ ನೋಡಿದಿರಾ?' ಎಂದು. ನಮ್ಮ ಅಂಕಿಯನ್ನು ಮೊದಲೇ ಕೈಗಿಟ್ಟ ಮೇಲೆ ಅವರು ಹೂಂಗುಟ್ಟದೆ ಇನ್ನೇನು ಮಾಡಿಯಾರು? ಮುಂದಿನ ಸಲ 'ಹುಡುಗ ಹೇಗಿದ್ದಾನೆ ಅನ್ನಿಸಿತು?' ಎಂದಷ್ಟೇ ಕೇಳಿ ಸುಮ್ಮನಿರೋಣ. 'ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತಲ್ಲ, ಪಾಪ' ಎಂಬ ಉತ್ತರ ಬಂದೀತು. ಹಾಗೆ ಬಂದರೆ, ಟೇಪು ಎಲ್ಲಿ ಜಾರಿತ್ತೆಂದು ನಮಗೇ ತಿಳಿಯುತ್ತದೆ.